800 ಪುಟಗಳ ಪೀಠಿಕೆ

ವರ್ಷವಿಡೀ ಎಲ್ಲರ ಬಾಯಲ್ಲಿದ್ದ ಆ ಫ್ಯಾಂಟಸಿ ಕಾದಂಬರಿ ಕೊನೆಗೂ ಹೊರಬಂದಿದೆ. ಹೆಸರು ಹೇಳುವ ಅಗತ್ಯವಿಲ್ಲ. ಮುಖಪುಟದ ಅನಾವರಣಕ್ಕೊಂದು ದಿನಾಂಕ, ಆ ದಿನಾಂಕದ ಘೋಷಣೆಗೆ ಮತ್ತೊಂದು ದಿನಾಂಕ ಗೊತ್ತುಮಾಡಿಕೊಂಡಿದ್ದ ಪುಸ್ತಕವನ್ನು ಯಾರು ಮರೆತಾರು? ಪುಟಗಳ ಅಂಚಿಗೆ ಬಣ್ಣ ಬಳಿದ ವಿಶೇಷ ಆವೃತ್ತಿಯೂ ಬಂತು, ಯಾರೂ ಒಂದು ಸಾಲು ಓದುವ ಮೊದಲೇ ಸಿನಿಮಾ ಹಕ್ಕು ಮಾರಾಟವಾದ ಸುದ್ದಿಯೂ ಬಂತು. ಪುಸ್ತಕದ ಸುತ್ತ ಇಷ್ಟೆಲ್ಲ ದುಡಿದವರಿಗೆ ಒಳಗಿನ ಕಥೆಯ ಕಡೆ ನೋಡಲು ಬಿಡುವಾಗಲಿಲ್ಲವೆಂದು ದೂರಿದರೆ ಅದು ಕೃತಘ್ನತೆಯಾದೀತು.

ಅದರೊಳಗಿನ ಕಲ್ಪಿತ ಲೋಕದ ಭೂಪಟವಂತೂ ಸೊಗಸಾಗಿದೆ. ಅದರಲ್ಲಿ ಗುರುತಿಸಿರುವ ಪ್ರತಿಯೊಂದು ಕೋಟೆಗೂ ಕಣಿವೆಗೂ ನಾಯಕ ತಪ್ಪದೆ ಹೋಗಿ ಹಾಜರಿ ಹಾಕಿ ಬರುತ್ತಾನೆ. ಅವನು ಅನಾಥನೆಂಬುದನ್ನೂ, ಅವನ ತೋಳಿನ ಮೇಲಿನ ಮಚ್ಚೆಯ ಕುರಿತು ಪುರಾತನ ಭವಿಷ್ಯವಾಣಿಯೊಂದಿದೆ ಎಂಬುದನ್ನೂ ನೀವು ಆಗಲೇ ಊಹಿಸಿರುತ್ತೀರಿ. ಬ್ರಿಟಿಷ್ ಫ್ಯಾಂಟಸಿ ಲೇಖಕಿ ಡಯಾನಾ ವಿನ್ ಜೋನ್ಸ್ 1996ರಲ್ಲಿಯೇ ಇಂಥ ಲೋಕಗಳಿಗೆಲ್ಲ ಸೇರಿಸಿ ಒಂದೇ ಪ್ರವಾಸಿ ಕೈಪಿಡಿ ಬರೆದು, ಅಲ್ಲಿನ ಕುದುರೆಗಳು ದಿನವಿಡೀ ನಾಗಾಲೋಟದಲ್ಲಿ ಓಡಿದರೂ ದಣಿಯುವುದಿಲ್ಲವೆಂದು ಗೇಲಿಮಾಡಿದ್ದರು. ನಮ್ಮ ಲೇಖಕರು ಅದನ್ನು ಪಠ್ಯಪುಸ್ತಕವೆಂದು ಭಾವಿಸಿರಬೇಕು. ಇಲ್ಲಿಯೂ ಕುದುರೆ ದಣಿಯುವುದಿಲ್ಲ, ದಣಿಯುವವನು ಓದುಗನೊಬ್ಬನೇ.

ಇನ್ನು ಬೆನ್ನುಡಿ. 1907ರಲ್ಲಿ ಅಮೆರಿಕದ ಹಾಸ್ಯಲೇಖಕ ಜೆಲೆಟ್ ಬರ್ಜೆಸ್, ಪ್ರಕಾಶಕರ ಅತಿಹೊಗಳಿಕೆಯನ್ನು ಅಣಕಿಸಲೆಂದೇ, ಪುಸ್ತಕ ವ್ಯಾಪಾರಿಗಳ ಔತಣಕೂಟದಲ್ಲಿ ಹಂಚಿದ ತನ್ನ ಪುಸ್ತಕಕ್ಕೆ ಹುಸಿ ಹೊದಿಕೆಯೊಂದನ್ನು ತೊಡಿಸಿ, ಅದರ ಮೇಲೆ ಗಟ್ಟಿಯಾಗಿ ಕೂಗುತ್ತಿರುವ ಕಲ್ಪಿತ ಯುವತಿಯೊಬ್ಬಳ ಚಿತ್ರ ಅಚ್ಚುಹಾಕಿಸಿದ. ವ್ಯಾಪಾರಿಗಳಿಗೆ ಅಣಕ ತಾಗಲಿಲ್ಲ, ಉಪಾಯ ಮಾತ್ರ ಹಿಡಿಸಿತು. ಆಗ ಕೆಲಸಕ್ಕೆ ಸೇರಿದ ಆ ಯುವತಿ ಇಂದಿಗೂ ನಿವೃತ್ತಿಯಾಗಿಲ್ಲ. ಈ ಕಾದಂಬರಿಯ ಬೆನ್ನ ಮೇಲೆ ನಿಂತು ‘ನಮ್ಮ ಕಾಲದ ಟೋಲ್ಕಿನ್’ ಎಂದು ಕೂಗಿದ್ದಾಳೆ.

ಟೋಲ್ಕಿನ್ ಅವರ ಹೆಸರೆತ್ತಿದ್ದು ಒಳ್ಳೆಯದೇ ಆಯಿತು. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಅವರ ಫ್ಯಾಂಟಸಿ ಮಹಾಕೃತಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಅವರ ಮಟ್ಟಿಗೆ ಒಂದೇ ಕಾದಂಬರಿಯಾಗಿತ್ತು. ಯುದ್ಧಾನಂತರದ ಕಾಗದದ ಅಭಾವಕ್ಕೂ ಮುದ್ರಣದ ಖರ್ಚಿಗೂ ಅಂಜಿ ಪ್ರಕಾಶಕರು ಅದನ್ನು ಹೋಳು ಮಾಡಿದರು. ಕಾಗದದ ಬರ ನೀಗಿದೆ, ಹೋಳು ಮಾಡುವ ಅಭ್ಯಾಸ ಉಳಿದಿದೆ. ಈಗ ಅದು ಮುಚ್ಚುವುದು ಕಥೆಯ ಬರವನ್ನು. ಇಲ್ಲಿ 800ನೆಯ ಪುಟದಲ್ಲಿ ನಾಯಕ ಒಂದು ಬಾಗಿಲನ್ನು ತಳ್ಳುತ್ತಾನೆ, ಅಲ್ಲಿಗೆ ಮೊದಲ ಭಾಗ ಸಮಾಪ್ತಿ. ಇದು ಬರೀ ತಳಪಾಯ, ಕಥೆ ಮೂರನೆಯ ಭಾಗದಲ್ಲಿ ಕುದುರಿಕೊಳ್ಳುತ್ತದೆ ಎಂದು ಅಭಿಮಾನಿಗಳು ಅಭಯ ನೀಡುತ್ತಿದ್ದಾರೆ.

ಇಷ್ಟಾದ ಮೇಲೆ ನಗಲು ಮನಸ್ಸಾಗುವುದಿಲ್ಲ. ಹದಿನಾಲ್ಕನೆಯ ಅಧ್ಯಾಯದಲ್ಲಿ ದೋಣಿ ನಡೆಸುವ ಮುದುಕಿಯೊಬ್ಬಳು ಬರುತ್ತಾಳೆ. ಅವಳು ಜಿಪುಣಿ, ಸುಳ್ಳುಗಾರ್ತಿ, ಭವಿಷ್ಯವಾಣಿ ಹೇಳುವವರನ್ನು ಕಂಡರೆ ಉರಿದುಬೀಳುವವಳು. ಇಡೀ ಪುಸ್ತಕದಲ್ಲಿ ಜೀವವಿರುವ ಮನುಷ್ಯಳು ಅವಳೊಬ್ಬಳೇ. ಕೆಲವೇ ಪುಟಗಳಲ್ಲಿ ಅವಳನ್ನು ಕೊಂದುಹಾಕುತ್ತಾರೆ, ನಾಯಕನಿಗೆ ಸಿಟ್ಟು ಬರಿಸಲು ಒಂದು ಹೆಣ ಬೇಕಿತ್ತೆಂಬ ಕಾರಣಕ್ಕೆ. ಅವಳನ್ನು ಸೃಷ್ಟಿಸಿದ ಲೇಖಕರಿಗೆ ಬರೆಯಲು ಬರುವುದಿಲ್ಲವೆಂದು ನಾನು ಹೇಳಲಾರೆ. ‘ಈ ಮುದುಕಿಯನ್ನು ಉಳಿಸಿ, ಉಳಿದದ್ದರಲ್ಲಿ ಮುನ್ನೂರು ಪುಟ ಹರಿದುಹಾಕಿ’ ಎಂದು ಅವರಿಗೆ ಹೇಳುವ ಒಬ್ಬ ಸಂಪಾದಕ ಅಷ್ಟು ದೊಡ್ಡ ಪ್ರಕಾಶನದಲ್ಲಿ ಇರಲಿಲ್ಲವೇ?