ಮಹಾದಾಯಿಯ ಇನ್ನೊಂದು ತುದಿ

ಮಹಾದಾಯಿ ಎಂದೊಡನೆ ಹುಬ್ಬಳ್ಳಿ-ಧಾರವಾಡದವರಾದ ನಮಗೆ ನೆನಪಾಗುವುದು ಅದರ ನೀರನ್ನು ಮಲಪ್ರಭೆಗೆ ತಿರುಗಿಸಿಕೊಡಿ ಎಂಬ ಹೋರಾಟ, ಬಂದ್ ಮತ್ತು ಟಿಎಂಸಿ ಲೆಕ್ಕ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಈ ನದಿ ಗೋವಾದಲ್ಲಿ ಮಾಂಡವಿ ಎನಿಸಿಕೊಂಡು ಕಡಲು ಸೇರುವ ಜಾಗವನ್ನು ನಿಂತು ನೋಡಿದವರು ನಮ್ಮಲ್ಲಿ ಕಡಿಮೆ. ಗೋವಾಕ್ಕೆ ಹೋದವರೆಲ್ಲ ನೇರವಾಗಿ ಕಲಂಗೂಟಿನ ದಾರಿ ಹಿಡಿಯುತ್ತೇವೆ. ಈ ಸಲ ಅನಮೋಡ ಘಾಟಿ ಇಳಿದ ನಾವು ಪಣಜಿಯ ಪಕ್ಕದ ರಿಬಂದರ್‌ನಲ್ಲಿ ಫೆರಿ ಹತ್ತಿ, ಬೈಕುಗಳ ನಡುವೆ ನಿಂತುಕೊಂಡೇ ಚೋರಾವ್ ದ್ವೀಪಕ್ಕೆ ದಾಟಿದೆವು.

ದ್ವೀಪದ ಪಶ್ಚಿಮ ತುದಿಯಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವಿದೆ. ವಿಸ್ತೀರ್ಣ 178 ಹೆಕ್ಟೇರ್, ಬಹುಪಾಲು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಹಕ್ಕಿಗಳನ್ನು ನೋಡಲು ಹೋಗಿದ್ದರೂ ನಾನು ಹೆಚ್ಚು ಹೊತ್ತು ನೋಡಿದ್ದು ಕೆಸರನ್ನೇ. ನೀರು ಇಳಿದಾಗ, ಜೋಳ ಕೊಯ್ದ ಹೊಲದ ಕೂಳೆಯಂತೆ, ಮರಗಳ ಉಸಿರುಬೇರುಗಳು ಕೆಸರಿನಿಂದ ಮೇಲಕ್ಕೆ ಎದ್ದು ನಿಂತಿರುತ್ತವೆ; ಅವುಗಳ ಸಂದಿಯಲ್ಲಿ ಒಂದೇ ಕೊಂಡಿ ದೊಡ್ಡದಾಗಿರುವ ಏಡಿಗಳು ಮತ್ತು ನೀರು ಬಿಟ್ಟು ಕೆಸರಿನ ಮೇಲೆಯೇ ಕುಪ್ಪಳಿಸುವ ಪುಟ್ಟ ಮೀನುಗಳು. ಉಸಿರಾಡಲು ಗಾಳಿಯಿಲ್ಲದ ಆ ಜೌಗಿನಲ್ಲಿ ಮರ ಬದುಕುವುದು ಈ ಬೇರುಗಳಿಂದ. ದಿನಕ್ಕೆರಡು ಬಾರಿ ಏರಿ ಬರುವ ಉಪ್ಪುನೀರಿಗೆ ಘಟ್ಟದಿಂದ ಇಳಿದ ಸಿಹಿನೀರು ಬೆರೆಯುವುದರಿಂದಲೇ ಇಲ್ಲಿ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ.

ಹೀಗಿರುವಾಗ ನಮ್ಮ ಭಾಷಣಗಳಲ್ಲಿ ತಪ್ಪದೆ ಬರುವ ‘ಸಮುದ್ರ ಸೇರಿ ವ್ಯರ್ಥವಾಗುವ ನೀರು’ ಎಂಬ ಮಾತನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಬೇಡಿಕೆಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ನಳದ ನೀರಿಗಾಗಿ ಕೊಡ ಸಾಲಾಗಿಟ್ಟು ಕಾಯುವ ಊರಿನವನೇ ನಾನೂ. 2015ರಲ್ಲಿ ನರಗುಂದದ ರೈತರು ಧರಣಿ ಕೂತದ್ದು ನ್ಯಾಯವಾಗಿಯೇ ಇತ್ತು. 2018ರ ಆಗಸ್ಟ್‌ನಲ್ಲಿ ಮಹಾದಾಯಿ ಜಲವಿವಾದ ನ್ಯಾಯಮಂಡಳಿಯು ನದಿಯ ಉಪಹೊಳೆಗಳಾದ ಕಳಸಾ ನಾಲೆಯಿಂದ 1.72, ಬಂಡೂರಿಯಿಂದ 2.18, ಅಂದರೆ ಒಟ್ಟು 3.9 ಟಿಎಂಸಿ ಒಪ್ಪಿದ್ದು ಕುಡಿಯುವ ನೀರಿನ ಅಗತ್ಯವನ್ನು ನೋಡಿ. ಅಷ್ಟು ಗಟ್ಟಿಯಾದ ವಾದ ಕೈಯಲ್ಲಿರುವಾಗ, ಕೆಳಗಿನವರ ನದಿಯನ್ನು ದಂಡದ ನೀರೆಂದು ಕರೆದು ಅವರ ಸಿಟ್ಟಿಗೆ ನಾವೇಕೆ ಕಾರಣವಾಗಬೇಕು? ಗೋವಾದ ಕೆಲವರು ನಮ್ಮ ಬಾಯಾರಿಕೆಯನ್ನು ನಾಟಕವೆನ್ನುವುದೂ ಇಷ್ಟೇ ತಪ್ಪು, ಅದು ಬೇರೆ ಮಾತು.

ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಗೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಒಮ್ಮೆ ಚೋರಾವ್‌ಗೂ ಹೋಗಿಬರಲಿ. ನೀರಿನ ಇಳಿತದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ; ಭರತದ ಹೊತ್ತಿನಲ್ಲಿ ಹೋದರೆ ಏಡಿಯೂ ಕಾಣದು, ಬೇರೂ ಕಾಣದು.