ಡ್ರೈವರ್ ಬದಲಿಸುವ ಮೊದಲು ಕೇಬಲ್ ನೋಡಿ

ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಪರದೆಯ ರೆಸಲ್ಯೂಶನ್ (ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕೆ ಎಂಬ ಅಳತೆ) 1024×768ಕ್ಕೇ ನಿಂತರೆ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ನೋಡಿಕೊಳ್ಳುವ ಸಾಫ್ಟ್‌ವೇರ್) ಬದಲಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಮೊದಲು ಕೇಬಲ್ ನೋಡಲು ಹೇಳಿ.

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಆಮೇಲೆ ಗದಗದ ನಮ್ಮ ಮನೆಯಲ್ಲಿ ಅಪ್ಪನ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಹಾಕಿದೆ. ಇದೇ ತೊಂದರೆ ಬಂತು. ಎರಡು ದಿನ ಸುಮ್ನೆ ಡ್ರೈವರ್ ಹಿಂದೆ ಬಿದ್ದಿದ್ದೆ. ಮಾನಿಟರ್ ತನ್ನ ಅಳತೆಯನ್ನು ಇಡಿಐಡಿ ಎಂಬ ಮಾಹಿತಿಯಾಗಿ ಕೇಬಲ್ ಮೂಲಕವೇ ಕಳಿಸುತ್ತದೆ. ಹಳೆಯ ವಿಜಿಎ ಕೇಬಲ್‌ನಲ್ಲಿ (ಮಾನಿಟರ್‌ಗೆ ಚಿತ್ರ ಒಯ್ಯುವ ಹಳೆಯ ಬಗೆಯ ಕೇಬಲ್) ಆ ಮಾಹಿತಿ ಸಾಗಿಸುವ ಪಿನ್ ಮುರಿದಿತ್ತು. ಚಿತ್ರ ಬರುತ್ತಿತ್ತು, ಅಳತೆ ಬರುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋದಾಗ ಹೊಸ ಕೇಬಲ್ ತಂದೆ, ಹಾಕಿದ ಕೂಡಲೇ 1920×1080 ಬಂತು.

ಅಲ್ಲಿಯವರೆಗೆ ಎಕ್ಸ್‌ರ‍್ಯಾಂಡರ್ ಕಮಾಂಡ್‌ನಿಂದ ಆ ಅಳತೆಯನ್ನು ಕೈಯಾರೆ ಸೇರಿಸಿಕೊಂಡಿದ್ದೆ. ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಮೂಡಿಸುವ ವ್ಯವಸ್ಥೆ ಎರಡು: ಹಳೆಯ ಎಕ್ಸ್11, ಹೊಸ ವೇಲ್ಯಾಂಡ್. ಆ ಕಮಾಂಡ್ ಎಕ್ಸ್11ನಲ್ಲಿ ಮಾತ್ರ ನಡೆಯುತ್ತದೆ. ವೇಲ್ಯಾಂಡ್ ಇದ್ದವರು ಅದನ್ನು ನಂಬಿ ಕೂರಬೇಡಿ.

ಇನ್ನೊಂದು ಮಾತು. ಅಕ್ಷರ ಸಣ್ಣದಾಗಿ ಕಂಡರೆ ರೆಸಲ್ಯೂಶನ್ ಇಳಿಸಿ ಅಂತಲೂ ಇದೆ. ಹಾಗೆ ಮಾಡಿದರೆ ಎಲ್ಲವೂ ಮಸುಕಾಗುತ್ತದೆ. ಇಂಗ್ಲಿಷ್ ಹೇಗೋ ಓದಬಹುದು, ಆದರೆ ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. ಅಪ್ಪನಿಗೆ ‘ತ್ತ’, ‘ತ್ರ’ ಎರಡೂ ಒಂದೇ ತರಹ ಕಾಣುತ್ತಿದ್ದವು. ರೆಸಲ್ಯೂಶನ್ ಪೂರ್ತಿ ಇಟ್ಟು, ಫಾಂಟ್ ಸೆಟ್ಟಿಂಗ್‌ನಲ್ಲಿ ಅಕ್ಷರದ ಪ್ರಮಾಣವನ್ನು 1.3 ಮಾಡಿದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಈಗ ಬೆಳಿಗ್ಗೆ ಚಹಾ ಕುಡಿಯುತ್ತಾ ಅವರೇ ಪೇಪರ್ ಓದುತ್ತಾರೆ, ನನ್ನನ್ನು ಕರೆಯುವುದಿಲ್ಲ.