ಆರನೆಯ ಫ್ಯೂಸು

ನನ್ನ ಸಣ್ಣ ಟ್ರಕ್ಕಿಗೆ, ತಗ್ಗು ಸ್ವರಗಳನ್ನು ಮೊಳಗಿಸುವ ಸ್ಪೀಕರಾದ ಒಂದು ಸಬ್‌ವೂಫರನ್ನೂ ಅದನ್ನು ದುಡಿಸುವ ಆಂಪ್ಲಿಫೈಯರನ್ನೂ ಕೂರಿಸುವುದಕ್ಕೆಂದು ನಾನು ಒಂದು ಭಾನುವಾರದ ಬೆಳಗ್ಗೆಯನ್ನು ಮೀಸಲಿಟ್ಟಿದ್ದೆ. ಕೆಲಸ ಮುಗಿದದ್ದು ಮೂರನೆಯ ಭಾನುವಾರದ ಸಂಜೆ. ಈ ನಡುವೆ ಐದು ಫ್ಯೂಸುಗಳು ಅಸುನೀಗಿದವು, ಒಂದು ಮಂಡಿ ತರಚಿತು, ಮತ್ತು ನನ್ನ ದೇಹದ ತೂಕವೆಂಬ ತೀರಾ ಖಾಸಗಿ ವಿಷಯವು ಮನೆಮಂದಿಯ ಸಮ್ಮುಖದಲ್ಲಿ ವಿದ್ಯುತ್ ದೀಪದ ಸಾಕ್ಷಿಯೊಂದಿಗೆ ಇತ್ಯರ್ಥವಾಯಿತು.

ತಯಾರಿಯಿಲ್ಲದೆ ಕೈಹಾಕಿದವನು ನಾನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಂಪ್ಲಿಫೈಯರಿನ ಶಕ್ತಿ 500 ವ್ಯಾಟ್. ಅದು ಕ್ಲಾಸ್ ಡಿ ಜಾತಿಯದು. ಒಳಗೆ ಹೋದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಸ್ಪೀಕರಿಗೆ ದಾಟಿಸಿ ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಹಾಗಾದರೆ ಬ್ಯಾಟರಿಯಿಂದ ಸುಮಾರು 625 ವ್ಯಾಟ್ ಬೇಕು. ಇಂಜಿನ್ ಓಡುವಾಗ ಸಿಗುವ 13.8 ವೋಲ್ಟಿನಿಂದ ಅದನ್ನು ಭಾಗಿಸಿದರೆ 45 ಅಂಪಿಯರ್ ಬರುತ್ತದೆ. ಆಂಪ್ಲಿಫೈಯರಿನ ಮೈಮೇಲೆಯೇ ಹಸಿರು ಬಣ್ಣದ ಎರಡು 30 ಅಂಪಿಯರ್ ಫ್ಯೂಸುಗಳಿದ್ದವು. ಆದ್ದರಿಂದ ಬ್ಯಾಟರಿಯ ಬಳಿ ಹಾಕುವ ಮುಖ್ಯ ಫ್ಯೂಸು 60 ಅಂಪಿಯರಿನದು, ಅದಕ್ಕೆ ತಕ್ಕಂತೆ ಕಿರುಬೆರಳಿನಷ್ಟು ದಪ್ಪದ ಕೆಂಪು ವೈರು. ಈ ಲೆಕ್ಕವನ್ನೆಲ್ಲ ನಾನು ಕಾಗದದ ಮೇಲೆ ಬರೆದು ನನ್ನ ಹೆಂಡತಿಗೆ ತೋರಿಸಿದೆ. ಅವಳು ಕಾಗದವನ್ನು ಹಿಂದಿರುಗಿಸುತ್ತಾ, "ಲೆಕ್ಕ ಸರಿಯಾಗಿದೆ ರೀ, ಆದರೆ ಬಾಗಿಲ ಹಿಡಿ ಸರಿಮಾಡುತ್ತೇನೆಂದಾಗಲೂ ನಿಮ್ಮ ಲೆಕ್ಕ ಸರಿಯಾಗಿಯೇ ಇತ್ತು" ಎಂದಳು.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿಟ್ಟೆ. ಕೈಪಿಡಿ ಹೇಳಿದಂತೆ ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗೆ ಫ್ಯೂಸಿನ ಗೂಡನ್ನು ಕೂರಿಸಿದೆ. ಬಾನೆಟ್ಟಿನ ಒಳಗೋಡೆಯ ರಬ್ಬರ್ ಬಳೆಯ ಮೂಲಕ ಕೆಂಪು ವೈರನ್ನು ಕ್ಯಾಬಿನ್ನಿಗೆ ತಂದೆ. ಇಲ್ಲಿಯವರೆಗೆ ನನ್ನ ನಡತೆಯಲ್ಲಿ ಯಾರೂ ತಪ್ಪು ಹುಡುಕಲಾರರು. ಮುಂದೆ ಬಾಗಿಲಂಚಿನ ಪಟ್ಟಿಯನ್ನು ಬಿಚ್ಚಿ ಅದರಡಿಯಲ್ಲಿ ವೈರನ್ನು ಸಾಗಿಸಬೇಕೆಂದಿತ್ತು. ಪಟ್ಟಿಯ ಮೂರು ಸ್ಕ್ರೂಗಳಲ್ಲಿ ಒಂದು ತಿರುಗದೆ ಹಟ ಹಿಡಿಯಿತು. ಚಾಲಕನ ಸೀಟಿನ ಅಡಿಯಿಂದ ನೇರವಾಗಿ ಹಿಂದಕ್ಕೆ ಎಳೆದರೆ ವೈರೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ ಎಂದು ನನಗೆ ಆಗ ಹೊಳೆಯಿತು. ನನಗೆ ಹೊಳೆಯುವ ವಿಚಾರಗಳೆಲ್ಲ ಸಾಮಾನ್ಯವಾಗಿ ಸ್ಕ್ರೂ ತಿರುಗದಿದ್ದಾಗಲೇ ಹೊಳೆಯುತ್ತವೆ.

ಸೀಟಿನ ಹಿಂದೆ ಪೆಟ್ಟಿಗೆ ಕೂತಿತು, ಪಕ್ಕದಲ್ಲಿ ಆಂಪ್ಲಿಫೈಯರ್ ಕೂತಿತು, ಸ್ಟೀರಿಯೊದಿಂದ ಬಂದ ನೀಲಿ ತಂತಿ ಅದನ್ನು ಎಬ್ಬಿಸಿತು. ನಾನು ಬಾಗಿಲ ಹೊರಗೆ ನಿಂತು, ಕೈಚಾಚಿ ಹಾಡು ಹಾಕಿದೆ. ಮೊದಲ ಬಡಿತಕ್ಕೆ ಹಿಂಬದಿಯ ನಂಬರ್ ಪ್ಲೇಟು ಜುಂಯ್ ಎಂದಿತು. ಆ ಕ್ಷಣದ ಸಂತೋಷವನ್ನು ಸರಿಯಾಗಿ ಅನುಭವಿಸಬೇಕೆಂದು ಒಳಗೆ ಹತ್ತಿ, ಸೀಟಿನಲ್ಲಿ ರಾಜಠೀವಿಯಿಂದ ಕೂತು, ಬಾಗಿಲೆಳೆದುಕೊಂಡೆ. ಢಂ ಎನ್ನಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಬಾನೆಟ್ಟು ತೆರೆದು ನೋಡಿದರೆ ಗಾಜಿನ ಫ್ಯೂಸು ಸುಟ್ಟಿತ್ತು.

ಸದ್ದು ಜೋರಾಯಿತು, ಅದಕ್ಕೇ ಹೋಯಿತು ಎಂಬುದು ನನ್ನ ಮೊದಲ ತೀರ್ಮಾನ. ಎರಡನೆಯ ಫ್ಯೂಸು ಹಾಕಿ, ಸದ್ದನ್ನು ಅರ್ಧಕ್ಕಿಳಿಸಿ, ಹೊರಗೆ ನಿಂತು ಹತ್ತು ನಿಮಿಷ ಪರೀಕ್ಷಿಸಿದೆ. ಏನೂ ಆಗಲಿಲ್ಲ. ಒಳಗೆ ಹೋಗಿ ಕೂತೆ. ಹೋಯಿತು.

ಬಳಿಕ ನಾನು ಶಾಸ್ತ್ರೀಯವಾಗಿ ಯೋಚಿಸತೊಡಗಿದೆ, ಕೆಡುಕು ಶುರುವಾದದ್ದೂ ಅಲ್ಲಿಂದಲೇ. ನನ್ನ ಸಬ್‌ವೂಫರಿನಲ್ಲಿ 4 ಓಮ್‌ಗಳ ಎರಡು ಸುರುಳಿಗಳಿವೆ. ಅವನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್. ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ತಡೆಯಲಾರದಷ್ಟು ಎಳೆದರೆ ಫ್ಯೂಸು ಹಾರುತ್ತದೆ. ನಾನು ಜೋಡಿಸಿದ್ದು 2 ಓಮಿಗೆ, ಅದನ್ನು ತಡೆಯುವೆನೆಂದು ಆಂಪ್ಲಿಫೈಯರಿನ ಕೈಪಿಡಿಯೇ ಹೇಳಿತ್ತು. ಆದರೂ ಅಪನಂಬಿಕೆಯಿಂದ ಪೆಟ್ಟಿಗೆಯನ್ನು ಬಿಚ್ಚಿ 8 ಓಮಿಗೆ ಬದಲಿಸಿದೆ. ಶಕ್ತಿ ಕಾಲುಭಾಗಕ್ಕಿಳಿಯಿತು, ನೆರೆಮನೆಯವರು ಬಾಗಿಲು ತಟ್ಟುವಂತೆ ನುಡಿಯುತ್ತಿದ್ದ ಯಂತ್ರ ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದು ಮಾಡತೊಡಗಿತು. ಇಷ್ಟು ತ್ಯಾಗದ ನಂತರ ಒಳಗೆ ಹೋಗಿ ಕೂತೆ. ಮೂರನೆಯದೂ ಹೋಯಿತು. ಶಕ್ತಿಯನ್ನು ಕಾಲುಭಾಗಕ್ಕಿಳಿಸಿದರೂ ಹಾರುವ ಫ್ಯೂಸಿಗೆ ಶಕ್ತಿಯ ಮೇಲೆ ಯಾವ ದೂರೂ ಇರಲಾರದು ಎಂದು ಈಗ ಬರೆಯುವಾಗ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ!

ಎರಡನೆಯ ಭಾನುವಾರ ಸಂಶಯವು ಅರ್ತಿನ ಮೇಲೆ, ಅಂದರೆ ವಿದ್ಯುತ್ತು ಟ್ರಕ್ಕಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯ ಮೇಲೆ ಹೋಯಿತು. ಆಂಪ್ಲಿಫೈಯರಿನ ನೆಗೆಟಿವ್ ತಂತಿಯನ್ನು ಬಣ್ಣ ಬಳಿದ ಲೋಹಕ್ಕೆ ಬಿಗಿದರೆ ಸಂಪರ್ಕ ಸರಿಯಾಗಿರುವುದಿಲ್ಲ. ಅದನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹದ ಹೊಳಪು ಕಾಣುವವರೆಗೆ ಬಣ್ಣ ತೆಗೆದು ಬಿಗಿಯಬೇಕು. ನಾನು ಅಂಗೈಯಗಲದ ಜಾಗದ ಬಣ್ಣ ಕೆರೆದೆ, ನಾಣ್ಯದಗಲ ಸಾಕಿತ್ತು. ನಾಲ್ಕನೆಯ ಫ್ಯೂಸು ಈ ಸುಧಾರಣೆಯನ್ನು ಗಮನಿಸಲೇ ಇಲ್ಲ.

ಅಂದು ಮಧ್ಯಾಹ್ನ ನನ್ನ ಭಾವಮೈದ ಬಂದ. ಅವನಿಗೆ ವಿದ್ಯುತ್ತಿನ ಬಗ್ಗೆ ಗೊತ್ತಿರುವುದು ಸ್ವಿಚ್ಚು ಎಲ್ಲಿದೆ ಎಂಬುದಷ್ಟೇ. ಐದನೆಯ ಫ್ಯೂಸನ್ನು ಹಾಕಿ ನಾನು ಕೈತೊಳೆಯಲು ಹೋಗಿದ್ದಾಗ ಅವನು ಟ್ರಕ್ಕಿನೊಳಗೆ ಕೂತು ಅರ್ಧ ಗಂಟೆ ಹಾಡು ಕೇಳಿದ. ಫ್ಯೂಸು ಮಿಸುಕಲಿಲ್ಲ. "ಭಾವ, ಚೆನ್ನಾಗಿಯೇ ಇದೆಯಲ್ಲ, ಏನು ತೊಂದರೆ?" ಎಂದು ಕೇಳುತ್ತಾ ಸ್ಟೀರಿಯೊ ಆರಿಸಿ ಇಳಿದ. ಒಂದು ಕ್ಷಣ ನನಗೆ ನಿಜಕ್ಕೂ ದುಃಖವಾಯಿತು. ಸಾಕಿದ ನಾಯಿ ಅತಿಥಿಯ ಕೈ ನೆಕ್ಕಿ ಯಜಮಾನನನ್ನು ನೋಡಿ ಬೊಗಳಿದರೆ ಆಗುವಂಥ ದುಃಖ ಅದು. ಕೀಲಿಕೈ ತೆಗೆದುಕೊಳ್ಳೋಣವೆಂದು ನಾನು ಒಳಗೆ ಹತ್ತಿ ಧೊಪ್ಪನೆ ಕೂತೆ.

ಕೆಳಗಿನಿಂದ 'ಚಟ್' ಎಂಬ ಸದ್ದು ಬಂತು. ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ಇದುವರೆಗೆ ಪ್ರತಿ ಸಲವೂ ಹಾಡು ಮೊಳಗುತ್ತಿದ್ದುದರಿಂದ ಈ ಸದ್ದು ನನಗೆ ಕೇಳಿಸಿರಲೇ ಇಲ್ಲ. ಈಗ ಸ್ಟೀರಿಯೊ ಆರಿತ್ತು, ನೀಲಿ ತಂತಿಯಲ್ಲಿ ವಿದ್ಯುತ್ತು ಇರಲಿಲ್ಲ, ಆಂಪ್ಲಿಫೈಯರ್ ನಿದ್ರೆಯಲ್ಲಿತ್ತು. ಆದರೂ ಫ್ಯೂಸು ಹೋಗಿತ್ತು. ನಾನು ಹೋಗಿ ಆಂಪ್ಲಿಫೈಯರಿನ ಮೈಮೇಲಿನ ಎರಡು ಹಸಿರು ಫ್ಯೂಸುಗಳನ್ನು ಮೊದಲ ಬಾರಿಗೆ ಕಿತ್ತು ನೋಡಿದೆ. ಎರಡೂ ಹೊಸದರಂತೆ ಇದ್ದವು. ಐದು ಸಲ ಮುಖ್ಯ ಫ್ಯೂಸು ಸುಟ್ಟರೂ ಇವಕ್ಕೆ ಬಿಸಿಯೂ ತಾಗಿಲ್ಲವೆಂದರೆ, ಆ ವಿದ್ಯುತ್ತು ಆಂಪ್ಲಿಫೈಯರಿನ ತನಕ ಬಂದೇ ಇಲ್ಲ, ದಾರಿಯಲ್ಲೇ ಎಲ್ಲೋ ಲೋಹಕ್ಕೆ ಇಳಿದುಹೋಗಿದೆ ಎಂದರ್ಥ. ಸತ್ತ ಐದು ಫ್ಯೂಸುಗಳನ್ನು ಬಿಸಿಲಿಗೆ ಹಿಡಿದೆ. ಭಾರ ಹೆಚ್ಚಾಗಿ ಹೋದ ಫ್ಯೂಸಿನಲ್ಲಿ ಸಾಮಾನ್ಯವಾಗಿ ಪಟ್ಟಿ ನಡುವೆ ಕರಗಿ ತುಂಡಾಗಿರುತ್ತದೆ, ಗಾಜು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ನೇರ ಶಾರ್ಟ್ ಆದಾಗ, ಅಂದರೆ ವಿದ್ಯುತ್ತು ಅಡ್ಡದಾರಿ ಹಿಡಿದು ನೇರವಾಗಿ ಲೋಹಕ್ಕೆ ಹರಿದಾಗ, ಪಟ್ಟಿ ಸಿಡಿದು ಗಾಜಿನ ಒಳಮೈಗೆ ಕಪ್ಪೂ ಬೆಳ್ಳಿಯೂ ಬಳಿದಂತಾಗುತ್ತದೆ. ನನ್ನ ಐದೂ ಫ್ಯೂಸುಗಳು ಕಾಡಿಗೆ ಡಬ್ಬಿಯಂತಿದ್ದವು. ಮೊದಲ ದಿನದಿಂದಲೂ ಅವು ಸತ್ಯವನ್ನೇ ನುಡಿಯುತ್ತಾ ಸತ್ತಿದ್ದವು. ನಾನು ಒಂದೊಂದನ್ನೂ ಮುಖ ನೋಡದೆ ಡಬ್ಬಿಗೆ ಎಸೆದಿದ್ದೆ.

ಉಳಿದದ್ದು ಒಂದೇ ಫ್ಯೂಸು. ಮೂರನೆಯ ಭಾನುವಾರ ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಭಾವಮೈದನು, ಸುಟ್ಟದ್ದಕ್ಕೇ ಬೆಳ್ಳಿಕಾಗದ ಸುತ್ತಿ ಹಾಕಿದರೆ ಹೇಗೆ ಎಂದು ಸೂಚಿಸಿದ. ಆ ಸೂಚನೆ ನನ್ನ ಮನಸ್ಸಿನಲ್ಲೂ ಒಮ್ಮೆ ಸುಳಿದಿತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಬ್ಯಾಟರಿ ಶಾರ್ಟ್ ಆದಾಗ ನೂರಾರು ಅಂಪಿಯರ್ ಹರಿಸಬಲ್ಲದು. ಫ್ಯೂಸು ಇರುವುದು ಆಂಪ್ಲಿಫೈಯರನ್ನು ಕಾಯುವುದಕ್ಕಿಂತ ಹೆಚ್ಚಾಗಿ ಆ ಉದ್ದನೆಯ ವೈರು ಕೆಂಡವಾಗದಂತೆ ಕಾಯುವುದಕ್ಕೆ. ಮತ್ತು ಆ ವೈರು ಹಾದುಹೋಗಿದ್ದು ನಾನು ಕೂರುವ ಜಾಗದ ಸರಿಯಾಗಿ ಕೆಳಗೆ. ಬೆಳ್ಳಿಕಾಗದ ಸುತ್ತಿದ್ದರೆ ಈ ಲೇಖನವನ್ನು ನಾನು ನಿಂತುಕೊಂಡು ಬರೆಯಬೇಕಾಗುತ್ತಿತ್ತು.

ಕೊನೆಗೆ ದಾರಿ ತೋರಿದ್ದು ಹಳೆಯ ಹೆಡ್‌ಲೈಟ್ ಬಲ್ಬು. ಫ್ಯೂಸಿನ ಜಾಗದಲ್ಲಿ 12 ವೋಲ್ಟ್, 55 ವ್ಯಾಟಿನ ಬಲ್ಬನ್ನು ಎರಡು ತಂತಿಗಳಿಂದ ಜೋಡಿಸಿದರೆ, ಎಂಥ ಶಾರ್ಟ್ ಇದ್ದರೂ ಐದು ಅಂಪಿಯರಿನ ಆಸುಪಾಸಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ. ಶಾರ್ಟ್ ಇದ್ದರೆ ಬಲ್ಬು ಪ್ರಕಾಶಮಾನವಾಗಿ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಫ್ಯೂಸುಗಳ ಬಲಿ ನಿಲ್ಲುತ್ತದೆ. ಕೆಂಪು ವೈರಿನ ಹಿಂದಿನ ತುದಿಯನ್ನು ಆಂಪ್ಲಿಫೈಯರಿನಿಂದ ಬಿಚ್ಚಿ ಟೇಪು ಸುತ್ತಿದೆ. ಹೆಂಡತಿ ಬಾನೆಟ್ಟಿನ ಬಳಿ ಬಲ್ಬನ್ನು ನೋಡುತ್ತಾ ನಿಂತಳು. ನಾನು ಒಳಗೆ ಹತ್ತಿ ಕೂತೆ.

"ಹತ್ತಿತು" ಎಂದಳು.

ಎದ್ದೆ. "ಆರಿತು" ಎಂದಳು.

ಮತ್ತೆ ಕೂತೆ. "ಹತ್ತಿತು. ಏಳಿ. ಆರಿತು. ಕೂರಿ. ರೀ, ಇದೇನಿದು, ನೀವೇ ಸ್ವಿಚ್ಚಾಗಿದ್ದೀರಲ್ಲ!"

ಭಾವಮೈದ ಕೂತಾಗ ಬಲ್ಬು ತಣ್ಣಗೆ ಕೂತಿತ್ತು. ಈ ಫಲಿತಾಂಶಕ್ಕೆ ಬೇರೆ ಏನಾದರೂ ಗೌರವಯುತ ಕಾರಣವಿರಬಹುದೆಂಬ ಆಸೆಯಿಂದ ಅವನ ತೊಡೆಯ ಮೇಲೆ ನನ್ನ ಉಪಕರಣಗಳ ಪೆಟ್ಟಿಗೆಯನ್ನು ಇಟ್ಟೆ. ಹತ್ತಲಿಲ್ಲ. ಅದರ ಮೇಲೆ ಸಬ್‌ವೂಫರಿನ ಪೆಟ್ಟಿಗೆಯನ್ನೂ ಹೇರಿದೆ. ಅವುಗಳ ಹಿಂದಿನಿಂದ ಅವನ ಮುಖ ಕಾಣದಾದಾಗ ಬಲ್ಬು ಮಿಣುಕಿತು. "ನಿಮ್ಮ ಸಮಕ್ಕೆ ಬರಲು ಅವನಿಗೆ ಎರಡು ಪೆಟ್ಟಿಗೆ ಬೇಕಾಯಿತು" ಎಂದು ಹೆಂಡತಿ ಬಾನೆಟ್ಟಿನ ಕಡೆಯಿಂದ ವರದಿ ಒಪ್ಪಿಸಿದಳು.

ಸೀಟನ್ನು ಬಿಚ್ಚಿ ಮಗುಚಿದೆವು. ತಳದ ಸ್ಪ್ರಿಂಗುಗಳಲ್ಲಿ ಒಂದರ ಕೊಕ್ಕೆಯು ಕೆಳಮುಖವಾಗಿ ಬಾಗಿತ್ತು. ಅದರ ನೇರ ಕೆಳಗೆ ಕೆಂಪು ವೈರಿನ ಹೊದಿಕೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಸೀಳು, ಸೀಳಿನ ಅಂಚು ಕರಕಲಾಗಿ ಗಟ್ಟಿಯಾಗಿತ್ತು, ಒಳಗಿನಿಂದ ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ಕೊಕ್ಕೆಯ ತುದಿಯಲ್ಲಿ ಐದು ಕಿಡಿಗಳು ಕಚ್ಚಿದ ಸಣ್ಣ ಸಣ್ಣ ಗುಳಿಗಳಿದ್ದವು. ಹಗುರವಾದವರು ಕೂತರೆ ಸ್ಪ್ರಿಂಗು ವೈರಿನಿಂದ ಒಂದು ಬೆರಳಿನಷ್ಟು ಮೇಲೆಯೇ ನಿಲ್ಲುತ್ತಿತ್ತು. ನಾನು ಕೂತರೆ ಲೋಹ ತಾಮ್ರವನ್ನು ಮುಟ್ಟುತ್ತಿತ್ತು.

ಸೀಳಿದ ವೈರಿಗೆ ಟೇಪು ಸುತ್ತುವ ಮನಸ್ಸಾಗಲಿಲ್ಲ. ಇಡೀ ತುಂಡನ್ನೇ ತೆಗೆದು ಹೊಸದನ್ನು ಎಳೆದೆ. ಅದಕ್ಕೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯ ಕವಚ ತೊಡಿಸಿ, ಬಾಗಿಲಂಚಿನ ಪಟ್ಟಿಯ ಅಡಿಯಲ್ಲೇ ಸಾಗಿಸಿದೆ. ಹಟಮಾರಿ ಸ್ಕ್ರೂವಿಗೆ ಎರಡು ಹನಿ ಎಣ್ಣೆ ಬಿಟ್ಟು ಕಾಲು ಗಂಟೆ ಕಾದಾಗ ಅದು ಯಾವ ತಕರಾರೂ ಇಲ್ಲದೆ ತಿರುಗಿತು. ಸುರುಳಿಗಳನ್ನು ಮತ್ತೆ 2 ಓಮಿಗೆ ಜೋಡಿಸಿದೆ. ಆರನೆಯ ಫ್ಯೂಸನ್ನು ಗೂಡಿಗೆ ಹಾಕುವಾಗ ಮನೆಯವರಿಬ್ಬರೂ ಕೆಲಸವಿದ್ದವರಂತೆ ಅಲ್ಲೇ ಸುಳಿದಾಡುತ್ತಿದ್ದರು.

ಅದು ಇಂದಿಗೂ ಅಲ್ಲಿಯೇ ಇದೆ, ಗಾಜು ತಿಳಿಯಾಗಿದೆ. ನಂಬರ್ ಪ್ಲೇಟಿನ ಹಿಂದೆ ರಬ್ಬರ್ ತುಂಡು ಇಟ್ಟ ಮೇಲೆ ಆ ಜುಂಯ್ ಸದ್ದೂ ನಿಂತಿದೆ. ಆದರೆ ಸೀಟಿನ ಅಡಿಯಲ್ಲಿ ಈಗ ಯಾವ ವೈರೂ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದರೂ, ಟ್ರಕ್ಕು ಹತ್ತಿದಾಗಲೆಲ್ಲ ನಾನು ಸ್ಟೀರಿಂಗನ್ನು ಎರಡೂ ಕೈಗಳಿಂದ ಹಿಡಿದು, ಉಸಿರು ಬಿಗಿಹಿಡಿದು, ಮೊಟ್ಟೆಗಳ ಮೇಲೆ ಕೂರುವವನಂತೆ ಮೆಲ್ಲಗೆ ಇಳಿಯುತ್ತೇನೆ. ಪಕ್ಕದ ಸೀಟಿನಲ್ಲಿ ಹೆಂಡತಿಯಿದ್ದರೆ, ನಾನು ಪೂರ್ತಿ ಕೂತಾದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಾ, "ಆರಿತು" ಎನ್ನುತ್ತಾಳೆ.